ಬಡಗಿಯ ಮಗ

(ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭದಿನದಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರೂರುಗಳಿಂದ ನಾವು ಇಲ್ಲಿ ಕೂಡಿದ್ದೇವೆ. ಈ ಗೋಡೆಗಳಿಗೆ ಕಲ್ಲು ಹೊತ್ತವರನ್ನೂ ಕಾಣಿಕೆಯಿತ್ತವರನ್ನೂ ಸ್ಮರಿಸುವುದು ಯೋಗ್ಯವೇ ಸರಿ. ಆದರೆ ವಿಶ್ವಾಸವು ಕಲ್ಲುಗೋಡೆಗಳಿಂದ ನಮಗೆ ಬರಲಿಲ್ಲ. ನಾವು ಚಿಕ್ಕವರಿದ್ದಾಗ ಯಾರೋ ಒಬ್ಬರು ನಮ್ಮ ಕೈಹಿಡಿದು ಬಲಿಪೀಠದ ಮುಂದೆ ಕರೆತಂದರು. ನನ್ನನ್ನು ಕರೆತಂದವರು ನನ್ನ ತಂದೆ. ಆದ್ದರಿಂದ ಇಂದು ತಂದೆಯ ಋಣವನ್ನು ಕುರಿತು ನಾಲ್ಕು ಮಾತುಗಳನ್ನು ಆಡಬಯಸುತ್ತೇನೆ.

ನನ್ನ ತಂದೆಯವರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲುವ ಖಾತೆಯ ಕಾರ್ಮಿಕರಾಗಿದ್ದರು. 1885ರಲ್ಲಿ ಸ್ಥಾಪಿತವಾಗಿ, 1887ರಿಂದ ಘಟಪ್ರಭೆಯ ನೀರಿನ ಶಕ್ತಿಯಿಂದ ನಡೆಯತೊಡಗಿದ ಆ ಗಿರಣಿಯ ಅನ್ನವನ್ನು ಈ ಭಾಗದ ಎಷ್ಟೋ ಮನೆತನಗಳು ಉಂಡಿವೆ. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಜಲಪಾತವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅದೇ ನೀರಿನ ಬಲದಿಂದ ತಿರುಗುವ ಕದಿರುಗಳ ಮುಂದೆ ರಾತ್ರಿಯಿಡೀ ನಿಂತವರನ್ನು ನೋಡಲು ಯಾರೂ ಬರಲಿಲ್ಲ.

ಶನಿವಾರದ ರಾತ್ರಿಪಾಳಿ ಮುಗಿಸಿದ ತಂದೆಯವರು ಭಾನುವಾರ ಬೆಳಿಗ್ಗೆ ಮನೆಗೆ ಹೋಗದೆ ನೇರವಾಗಿ ಮೊದಲ ಬಲಿಪೂಜೆಗೆ ಬರುತ್ತಿದ್ದರು. ಅವರ ತಲೆಗೂದಲು, ಹುಬ್ಬು, ಹೆಗಲುಗಳ ಮೇಲೆಲ್ಲ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು. ನನಗಾಗ ಹನ್ನೆರಡು ವರ್ಷ. ಜೊತೆಯ ಹುಡುಗರು ಅವರನ್ನು ನೋಡಿ ನಕ್ಕರು. ಮರಳುವ ದಾರಿಯಲ್ಲಿ ನಾನು ಅವರಿಗೆ, "ಅಪ್ಪಾ, ಚರ್ಚಿಗೆ ಬರೂಮುಂದ ಅಂಗಿ ಝಾಡಿಸಿಕೊಂಡು ಬಾ. ಎಲ್ಲಾರೂ ನಗತಾರ" ಎಂದೆ. ಅವರು ಸಿಟ್ಟಾಗಲಿಲ್ಲ. "ಆತಪ್ಪಾ" ಎಂದಷ್ಟೇ ಹೇಳಿದರು. ಮುಂದಿನ ಭಾನುವಾರದಿಂದ ಅವರು ನನ್ನ ಪಕ್ಕದಲ್ಲಿ ಕೂಡ್ರಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ನಿಲ್ಲತೊಡಗಿದರು. ನನಗೆ ಸಮಾಧಾನವಾಯಿತು. ಅರವತ್ತು ದಾಟಿದ ಈ ವಯಸ್ಸಿನಲ್ಲಿಯೂ ಆ ಸಮಾಧಾನವನ್ನು ನೆನೆದರೆ ನನ್ನ ತಲೆ ತಗ್ಗುತ್ತದೆ.

ಮುಂದೆ ನಾನು ಗುರುಮಠವನ್ನು ಸೇರಿ ಪವಿತ್ರ ಗ್ರಂಥವನ್ನು ಅಭ್ಯಸಿಸಿದೆ. ಸಂತ ಮತ್ತಾಯನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ, ಪ್ರಭು ಯೇಸು ತಮ್ಮ ಸ್ವಂತ ಊರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸಿದಾಗ, ಇವನು ಬಡಗಿಯ ಮಗನಷ್ಟೇ ಅಲ್ಲವೇ ಎಂದು ಊರವರು ಮೂದಲಿಸಿದ ಪ್ರಸಂಗವಿದೆ. ಪ್ರಭು ಆ ಹೆಸರನ್ನು ಅಲ್ಲಗಳೆಯಲಿಲ್ಲ. ಸಂತ ಮಾರ್ಕನ ಶುಭಸಂದೇಶದಲ್ಲಿ ಅವರನ್ನೇ ಬಡಗಿ ಎಂದು ಕರೆದಿದೆ. ಅಂದರೆ ಸಾಕುತಂದೆಯ ಉಳಿ ಕೊಡತಿಗಳನ್ನು ದೇವಪುತ್ರರು ತಮ್ಮ ಕೈಗೆ ತೆಗೆದುಕೊಂಡಿದ್ದರು. ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಕನಸಿನಲ್ಲಿ ದೈವಾಜ್ಞೆಯಾದಾಗಲೆಲ್ಲ ಅವರು ಎದ್ದು ನಡೆದರು, ಪತ್ನಿಯನ್ನೂ ಮಗುವನ್ನೂ ಕಾಪಾಡಿದರು, ದುಡಿದರು. ಅವರನ್ನು ಕಾರ್ಮಿಕರ ಮಾದರಿಯಾಗಿ ಗೌರವಿಸಲೆಂದೇ ವಿಶ್ವಗುರು ಹನ್ನೆರಡನೆಯ ಪಯಸ್ಸರು 1955ರಲ್ಲಿ ಮೇ ತಿಂಗಳ ಮೊದಲನೆಯ ದಿನವನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಸ್ಥಾಪಿಸಿದರು. ಇದನ್ನೆಲ್ಲ ನಾನು ಕಲಿತೆ, ಪರೀಕ್ಷೆಯಲ್ಲಿ ಬರೆದೆ. ಆದರೆ ಬಾಗಿಲ ಬಳಿ ನಿಂತಿದ್ದ ನನ್ನ ತಂದೆಯ ನೆನಪು ಆಗ ನನಗೆ ಬರಲಿಲ್ಲ.

ಅದು ಬಂದದ್ದು ನನ್ನ ಯಾಜಕ ದೀಕ್ಷೆಯ ದಿನ. ನೂತನ ಯಾಜಕನು ತನ್ನ ಪ್ರಥಮ ಆಶೀರ್ವಾದವನ್ನು ಹೆತ್ತವರಿಗೆ ನೀಡುವ ರೂಢಿ ನಿಮಗೆ ತಿಳಿದೇ ಇದೆ. ತಂದೆಯವರು ಹಿಂದಿನಿಂದ ನಿಧಾನವಾಗಿ ನಡೆದುಬಂದರು. ಬಿಳಿ ಧೋತರ, ಹೊಸ ಅಂಗಿ. ಗಿರಣಿಯಿಂದ ನಿವೃತ್ತರಾಗಿ ವರ್ಷಗಳಾಗಿದ್ದವು. ಮೈಮೇಲೆ ಒಂದೆಳೆ ಹತ್ತಿಯೂ ಇರಲಿಲ್ಲ. ಆದರೂ ಮೊಣಕಾಲೂರುವ ಮುನ್ನ ಅವರು ಎರಡೂ ಹೆಗಲುಗಳನ್ನು ಅಂಗೈಯಿಂದ ಝಾಡಿಸಿಕೊಂಡರು. ಅದು ಕಾರ್ಮಿಕನ ರೂಢಿಯೋ, ನನ್ನ ಮಾತಿನ ನೆನಪೋ, ಇಂದಿಗೂ ನಾನರಿಯೆ. ಕೇಳಲು ಧೈರ್ಯವಾಗಲಿಲ್ಲ. ಇನ್ನೊಮ್ಮೆ ಊರಿಗೆ ಹೋದಾಗ ಕ್ಷಮೆ ಕೇಳೋಣವೆಂದುಕೊಂಡೆ. ಅವರು ಪ್ರಭುವಿನಲ್ಲಿ ನಿದ್ರಿಸಿದಾಗ ನಾನು ದೂರದ ಧರ್ಮಕೇಂದ್ರವೊಂದರಲ್ಲಿದ್ದೆ.

ಸಂತ ಎರಡನೆಯ ಜಾನ್ ಪಾಲರು ಎಂಟು ವರ್ಷದವರಿದ್ದಾಗ, 1929ರಲ್ಲಿ, ತಾಯಿಯನ್ನು ಕಳೆದುಕೊಂಡರು. ನಿವೃತ್ತ ಸೈನಿಕರಾಗಿದ್ದ ತಂದೆಯೇ ಅವರನ್ನು ಬೆಳೆಸಿದರು. ರಾತ್ರಿ ಎಚ್ಚರವಾದಾಗ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ತಂದೆಯನ್ನು ತಾವು ಕಂಡುದನ್ನೂ, ಆ ಮನೆಯೇ ತಮಗೆ ಮೊದಲ ಗುರುಮಠದಂತಿದ್ದುದನ್ನೂ ಅವರು ವಿಶ್ವಗುರುವಾದ ಮೇಲೆ ಬರೆದಿದ್ದಾರೆ. ಪ್ರಾರ್ಥನೆಯಲ್ಲಿ ನಾವು ದೇವರನ್ನು 'ತಂದೆ' ಎನ್ನುತ್ತೇವೆ. ಆ ಪದವನ್ನು ಧರ್ಮೋಪದೇಶದ ತರಗತಿಯಲ್ಲಿ ಕಲಿಯುವ ಮೊದಲೇ ಮನೆಯಲ್ಲಿ ಕಲಿತಿರುತ್ತೇವೆ.

ಇಲ್ಲಿ ಕುಳಿತಿರುವ ಕೆಲವರಿಗೆ ಆ ಪದ ಕಹಿಯಾಗಿರಬಹುದು. ಕುಡಿತದಿಂದ ಮನೆಯನ್ನು ನೋಯಿಸಿದ ತಂದೆಯರೂ ನಮ್ಮಲ್ಲಿ ಉಂಟು, ಅದನ್ನು ಮರೆಮಾಚಲಾರೆ. ತಪ್ಪನ್ನು ಕೊಂಡಾಡಬೇಕೆಂದು ಧರ್ಮಸಭೆ ಕೇಳುವುದಿಲ್ಲ. ಎಲ್ಲ ಪಿತೃತ್ವಕ್ಕೂ ಮೂಲ ದೇವರೇ ಎಂದು ಸಂತ ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ಬೋಧಿಸುತ್ತಾನೆ. ಆದುದರಿಂದ ಲೋಕದ ತಂದೆಯಿಂದ ದೇವರನ್ನು ಅಳೆಯಬಾರದು. ಲೋಕದ ತಂದೆ ಎಲ್ಲಿ ಸೋತರೋ ಅಲ್ಲಿಯೂ ಆತನು ಸೋಲುವುದಿಲ್ಲ.

ಯುವಜನರೇ, ನಿಮ್ಮಲ್ಲಿ ಹಲವರು ಬೆಳಗಾವಿ, ಪುಣೆ, ಗೋವೆಗಳಲ್ಲಿ ನೌಕರಿಯಲ್ಲಿದ್ದೀರಿ. ಇಲ್ಲಿ ನಿಮ್ಮ ತಂದೆಯವರು ನಡುರಾತ್ರಿ ಎದ್ದು ಕಬ್ಬಿಗೆ ನೀರು ಹಾಯಿಸಿದ್ದಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದಾಗ ಮನೆಯ ಸಾಮಾನು ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಹೊರಟವರೂ ಅವರೇ. ತಿಂಗಳಿಗೊಮ್ಮೆ ಹಣ ಕಳಿಸಿದರೆ ಋಣ ತೀರಿತೆನ್ನಬೇಡಿ. ತಂದೆಯ ಬುದ್ಧಿ ಕುಂದಿದರೂ ತಾಳ್ಮೆಯಿಂದ ನಡೆದುಕೊಳ್ಳಬೇಕೆಂದು ಸಿರಾಖನ ಗ್ರಂಥ ಕಲಿಸುತ್ತದೆ. ಇಂದೇ ಅವರ ಬಳಿ ಕುಳಿತು ಅವರು ದುಡಿದ ಕೆಲಸವನ್ನು ಕುರಿತು ಕೇಳಿರಿ. ಕ್ಷಮೆ ಕೇಳುವುದಿದ್ದರೆ ಇಂದೇ ಕೇಳಿರಿ. ತಂದೆಯನ್ನು ಕಳೆದುಕೊಂಡವರು ನನ್ನೊಡನೆ ಈ ಬಲಿಪೀಠದ ಮುಂದೆ ಕೇಳಿರಿ. ಪುನರುತ್ಥಾನದ ನಂಬಿಕೆಯುಳ್ಳ ನಮಗೆ ಆ ಬಾಗಿಲು ಮುಚ್ಚಿಲ್ಲ.

ಮುಂದಿನ ಭಾನುವಾರ ನನ್ನದೊಂದು ಬಿನ್ನಹ. ಬಾಗಿಲ ಬಳಿ ನಿಲ್ಲುವ ಹಿರಿಯರನ್ನು ಅವರ ಮಕ್ಕಳು ಕೈಹಿಡಿದು ಮುಂದೆ ಕರೆತರಲಿ. ಅಂಗಿಗೆ ಹೊಲದ ಮಣ್ಣು ಅಂಟಿದ್ದರೆ ಅಂಟಿರಲಿ. ಅದನ್ನು ಝಾಡಿಸಲು ಯಾರೂ ಹೇಳಬೇಡಿರಿ.

ಸಂತ ಜೋಸೆಫರ ಬಿನ್ನಹದ ಮೂಲಕ ಸರ್ವಶಕ್ತ ಪಿತ ದೇವರು ನಿಮ್ಮೆಲ್ಲರ ಮನೆಗಳನ್ನು ಆಶೀರ್ವದಿಸಲಿ. ಆಮೆನ್.