ನಮ್ಮ ಮನೆಗಳ ಚರಿತ್ರೆ



ರಾಜ್ಯಗಳ ಏಳುಬೀಳುಗಳನ್ನು ನಾವು ಶಾಲೆಯಲ್ಲಿ ಓದಿರುತ್ತೇವೆ. ವಾಸವಾಗಿರುವ ಮನೆಯ ವೃತ್ತಾಂತವನ್ನು ಯಾರಾದರೂ ಕೇಳಿದರೆ ತಾತನಿಂದ ಆಚೆಗೆ ಹೇಳಲಾರೆವು. ಇಲ್ಲವೆ ‘ಟಿಪ್ಪುವಿನ ಕಾಲದ್ದು’ ಎಂದು ಹೇಳಿ ಸುಮ್ಮನಾಗುತ್ತೇವೆ. ಇಂಥ ಮಾತನ್ನು ಪರೀಕ್ಷಿಸುವ ಬಗೆ ಹೇಗೆಂಬುದೇ ಇಂದಿನ ವಿಷಯ.

ಬೆಂಗಳೂರಿನ ಹಲಸೂರಿನ ಕಡೆಯನ್ನೇ ತೆಗೆದುಕೊಳ್ಳೋಣ. ಹಲಸೂರು ಪುರಾತನ ಗ್ರಾಮ. ಸೋಮೇಶ್ವರನ ಗುಡಿಯೇ ಅದಕ್ಕೆ ಸಾಕ್ಷಿ. ಆದರೆ ಅದರ ಮಗ್ಗುಲಲ್ಲಿ ಇಂಗ್ಲಿಷರ ದಂಡು ನೆಲಸಿದ್ದು 1809ರಲ್ಲಿ. ಟಿಪ್ಪು ಮಡಿದದ್ದು 1799ರಲ್ಲಿ. ಆದುದರಿಂದ ದಂಡಿನ ಬಂಗಲೆಯೊಂದನ್ನು ಅವನ ಕಾಲಕ್ಕೆ ಒಯ್ಯುವುದು ಸಲ್ಲದು.

ಮೊದಲನೆಯ ಸಾಕ್ಷಿ ಕಾಗದ. ಪ್ರತಿಯೊಂದು ಕ್ರಯಪತ್ರವೂ ಹಿಂದಿನ ಒಡೆಯನ ಹೆಸರನ್ನು ಹೇಳುತ್ತದೆ. ಆ ಹೆಸರನ್ನು ಹಿಡಿದು ಅದರ ಹಿಂದಿನ ಪತ್ರಕ್ಕೆ ಹೋಗಬಹುದು. ಚಕ್ಕುಬಂದಿಯಲ್ಲಿ ನೆರೆಮನೆಗಳವರೂ ಸಿಕ್ಕುತ್ತಾರೆ. ಆದರೆ ಬೆಂಗಳೂರಿನಲ್ಲಿ ಒಂದು ತೊಡಕುಂಟು. ಪೇಟೆಗೂ ದಂಡಿಗೂ 1862ರಲ್ಲಿ ಬೇರೆ ಬೇರೆ ಪುರಸಭೆಗಳಾದವು. 1881ರಿಂದ 1947ರವರೆಗೆ ದಂಡು ಮೈಸೂರು ಅರಸರ ಆಡಳಿತಕ್ಕೆ ಸೇರದೆ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. ಎರಡು ಪುರಸಭೆಗಳೂ ಒಂದಾಗಿ ನಗರಸಭೆಯಾದದ್ದು 1949ರಲ್ಲಿ. ಹಲಸೂರಿನ ಮನೆಯ ಕಾಗದವನ್ನು ಅರಸುವವನು ಇದನ್ನು ಮರೆತರೆ, ಇಲ್ಲದ ಕಡೆಯಲ್ಲಿ ಹುಡುಕಿ ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಎರಡನೆಯ ಸಾಕ್ಷಿ ಕಟ್ಟಡವೇ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಮಾಡಿನ ಹೆಂಚನ್ನು ತಿರುವಿ ನೋಡಿದರೆ ಅವರ ಮುದ್ರೆ ಕಂಡರೆ, ಆ ಮಾಡು ಅದಕ್ಕೂ ಈಚಿನದು. ಮಾಡು ಎಂದೆವು, ಗೋಡೆಯೆನ್ನಲಿಲ್ಲ. ಹಳೆಯ ಗೋಡೆಯ ಮೇಲೆ ಹೊಸ ಹೆಂಚನ್ನು ಹೊದಿಸುವುದು ಅಪರೂಪವಲ್ಲ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಗೋಡೆ ಕಟ್ಟುವಾಗಲೇ ತಂತಿಗೆ ದಾರಿ ಬಿಟ್ಟಿದ್ದಾರೆಯೋ, ಆಮೇಲೆ ಮರದ ಪಟ್ಟಿ ಹೊಡೆದು ಎಳೆದಿದ್ದಾರೆಯೋ ಎಂಬುದನ್ನು ನೋಡಿದರೆ ಮನೆ ಅದಕ್ಕೆ ಹಿಂದಿನದೋ ಮುಂದಿನದೋ ಎಂಬುದಕ್ಕೆ ಒಂದು ಸುಳಿವು ದೊರೆಯುತ್ತದೆ.

ಮೂರನೆಯದು ನೆನಪು. ಅದು ಬಣ್ಣವನ್ನು ಕೊಡುತ್ತದೆ, ಎಲ್ಲೆಯನ್ನು ಕೊಡುವುದಿಲ್ಲ. 1896ರಲ್ಲಿ ಬೆಂಗಳೂರಿಗೆ ಬಂದ ತರುಣ ಚರ್ಚಿಲ್ ತಾನಿದ್ದ ಬಂಗಲೆಯ ಜಗಲಿಯನ್ನೂ ಗುಲಾಬಿಯ ತೋಟವನ್ನೂ 1930ರ ಆತ್ಮಕಥೆಯಲ್ಲಿ ಸೊಗಸಾಗಿ ವರ್ಣಿಸಿದ್ದಾನೆ; ಚಕ್ಕುಬಂದಿಯನ್ನು ಮಾತ್ರ ಬರೆಯಲಿಲ್ಲ! ಆದರೂ ನೆನಪನ್ನು ತಳ್ಳುವಂತಿಲ್ಲ. ಕ್ರಯಪತ್ರದಲ್ಲಿರುವುದು ಒಡೆಯನ ಹೆಸರು ಮಾತ್ರ. ಹಿತ್ತಲಿನ ಸಾಲುಕೋಣೆಗಳಲ್ಲಿದ್ದ ಅಡಿಗೆಯವನು, ಕುದುರೆ ನೋಡುತ್ತಿದ್ದವನು, ಬಾಗಿಲ ಚೌಕಟ್ಟನ್ನು ಕೆತ್ತಿದ ಬಡಗಿ, ಇವರಿಗೆ ಯಾವ ದಸ್ತಾವೇಜೂ ಇಲ್ಲ. ಅವರ ಹೆಸರು ಉಳಿದಿದ್ದರೆ ಮನೆಯ ಹಿರಿಯಳೊಬ್ಬಳ ನಾಲಗೆಯ ಮೇಲೆ ಉಳಿದಿರಬೇಕು. ಗೋಡೆ ಬಿದ್ದರೂ ಕಾಗದ ಕಚೇರಿಯಲ್ಲಿದ್ದೀತು. ಆಕೆ ಹೋದರೆ ಆ ಹೆಸರುಗಳೂ ಹೋದವು.

ಇದು ಹಳೆಯ ಬಡಾವಣೆಯವರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ಹಲಸೂರಿನ ಮೂಡಲಿಗೆ ಬಿನ್ನಮಂಗಲದ ಹೊಲಗದ್ದೆಗಳ ಮೇಲೆ ಎದ್ದ ಇಂದಿರಾನಗರ 1970ರ ದಶಕದ ಬಡಾವಣೆ. ಅಲ್ಲಿಯ ಮೊದಲ ಮನೆಗಳಿಗೆ ಇನ್ನೂ ಐವತ್ತರ ಆಸುಪಾಸು. ಅಷ್ಟರಲ್ಲೇ ನೂರಡಿ ರಸ್ತೆಯಲ್ಲಿ ಎಷ್ಟೋ ಮನೆಗಳು ಅಂಗಡಿಗಳಾಗಿವೆ, ಎಷ್ಟೋ ನೆಲಸಮವಾಗಿವೆ. ಅಲ್ಲಿ ನಿವೇಶನ ಪಡೆದು ಮನೆ ಕಟ್ಟಿಸಿದವರಲ್ಲಿ ಕೆಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ತಮ್ಮ ನಿವೇಶನ ಮೊದಲು ಯಾರ ಹೊಲವಾಗಿತ್ತೆಂಬುದನ್ನು ಹೇಳಬಲ್ಲವರೂ ಅವರಲ್ಲಿ ಇರಬಹುದು.

ಈ ಮೂರು ಸಾಕ್ಷಿಗಳಲ್ಲಿ ಯಾವುದೊಂದನ್ನೂ ಒಂಟಿಯಾಗಿ ನಂಬತಕ್ಕದ್ದಲ್ಲ. ಒಂದರ ಮಾತನ್ನು ಇನ್ನೊಂದರ ಮುಂದಿಟ್ಟು ಕೇಳಬೇಕು. ಹಾಗೆ ಕೇಳಿದಾಗ ಟಿಪ್ಪುವಿನ ಕಾಲದ ಹೆಮ್ಮೆ ಕೈಬಿಟ್ಟುಹೋಗಬಹುದು. ಅದರ ಬದಲಿಗೆ ನಿಜವಾಗಿ ಆ ಮನೆಯಲ್ಲಿ ಬಾಳಿದವರು ದೊರೆಯುವುದಾದರೆ ನಷ್ಟವೇನೂ ಇಲ್ಲ. ಈ ಭಾನುವಾರವೇ ಮನೆಯ ಹಿರಿಯರ ಬಳಿ ಕಾಗದ ಲೇಖನಿಗಳೊಡನೆ ಕುಳಿತುಕೊಳ್ಳಿರೆಂದು ನಮ್ಮ ಬಿನ್ನಹ.