ಆಟ ಇಲ್ಲದ ತಿಂಗಳಲ್ಲಿ ಟೀಮ್ ಬದುಕೋದು ಹೇಗೆ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ.

ನಿಮ್ಮದೊಂದು ಅಂಗಡಿ ಇದೆ ಅಂದುಕೊಳ್ಳಿ. ವರ್ಷಕ್ಕೆ ಸುಮಾರು 70 ದಿನ ಮಾತ್ರ ಬಾಗಿಲು ತೆಗೀಬಹುದು. ಮಳೆ ಬಂದ್ರೆ ಅದರಲ್ಲೂ ಖೋತಾ. ಅಂಗಡಿಗೆ ಯಾವ ಸರಕು ಬರಬೇಕು ಅಂತ ತೀರ್ಮಾನ ಮಾಡೋದು ನೀವಲ್ಲ, ಬೇರೆ ಊರಿನ ದೊಡ್ಡ ಕಂಪನಿ. ಚೆನ್ನಾಗಿ ಓಡ್ತಿರೋ ಸರಕನ್ನ ಅವರು ಯಾವತ್ತು ಬೇಕಾದ್ರೂ ವಾಪಸ್ ತಗೊಂಡು ಹೋಗ್ತಾರೆ. ಇಂಥ ಅಂಗಡಿ ನಡೆಯುತ್ತಾ?

ಅಮೆರಿಕದಲ್ಲಿ ಇಂಥ ಸುಮಾರು 120 ಅಂಗಡಿಗಳಿವೆ. ಅವೇ ಮೈನರ್ ಲೀಗ್ ಬೇಸ್‌ಬಾಲ್ ಟೀಮ್‌ಗಳು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಮೇಲೆ ಮೇಜರ್ ಲೀಗ್‌ನ 30 ಟೀಮ್‌ಗಳು. ಪ್ರತಿ ಟೀಮ್‌ಗೂ ಕೆಳಗೆ ನಾಲ್ಕು ಹಂತದ ಮೈನರ್ ಟೀಮ್‌ಗಳು, ಹೆಚ್ಚಿನವು ಸಣ್ಣ ಮತ್ತು ಮಧ್ಯಮ ಊರುಗಳಲ್ಲಿ. ಆಟಗಾರರನ್ನ ಆರಿಸೋದು, ಸಂಬಳ ಕೊಡೋದು ಎಲ್ಲಾ ಮೇಲಿನ ಟೀಮೇ. ಇಡೀ ಊರಿಗೆ ಇಷ್ಟವಾದ ಹುಡುಗ ಜುಲೈನಲ್ಲಿ ಬಡ್ತಿ ಸಿಕ್ಕಿ ಹೊರಟುಹೋಗಬಹುದು. ಹಾಗಾಗಿ ಕೆಳಗಿನ ಟೀಮ್‌ಗೆ "ನಾವು ಗೆಲ್ತೀವಿ, ಬನ್ನಿ" ಅಂತ ಜಾಹೀರಾತು ಕೊಡೋ ಹಾಗಿಲ್ಲ. ಅವರ ಕೈಯಲ್ಲಿರೋದು ಟಿಕೆಟ್, ತಿಂಡಿ, ಟೋಪಿ, ಸ್ಥಳೀಯ ಜಾಹೀರಾತು, ಆಮೇಲೆ ಆ ಮೈದಾನ.

ಸೀಸನ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ? ಆಫೀಸಿನವರಿಗೆ ಸಂಬಳ ಕೊಡಲೇಬೇಕು, ಹುಲ್ಲು ನೋಡ್ಕೊಳ್ಳಲೇಬೇಕು. ಆದ್ರೆ ಗೇಟಿನಲ್ಲಿ ಒಂದು ಡಾಲರ್ ಹುಟ್ಟಲ್ಲ. ಇಲ್ಲೇ ಕ್ರಿಸ್‌ಮಸ್ ಬರೋದು.

ನವೆಂಬರ್, ಡಿಸೆಂಬರ್‌ನಲ್ಲಿ ಈ ಟೀಮ್‌ಗಳು "ಹಾಲಿಡೇ ಪ್ಯಾಕ್" ಮಾರ್ತವೆ. ಮುಂದಿನ ವರ್ಷದ ಕೆಲವು ಟಿಕೆಟ್, ಜೊತೆಗೆ ಒಂದು ಟೋಪಿ, ಕಟ್ಟಿದ ಉಡುಗೊರೆಯ ಲೆಕ್ಕದಲ್ಲಿ. ಬಿಕಾಂ ಓದಿದ್ದಕ್ಕೋ ಏನೋ, ನನಗೆ ಇದರಲ್ಲಿ ಮೊದಲು ಕಾಣೋದು ಲೆಡ್ಜರ್. ಪುಸ್ತಕದಲ್ಲಿ ಇದು ಆದಾಯ ಅಲ್ಲ, ಗ್ರಾಹಕರಿಂದ ಬಂದ ಮುಂಗಡ, ಅಂದ್ರೆ ಹೊಣೆಗಾರಿಕೆ. ಏಪ್ರಿಲ್‌ನಲ್ಲಿ ಆಟ ತೋರಿಸಿದ ಮೇಲೇ ಅದು ಆದಾಯ. ಆದ್ರೆ ನಗದು ಮಾತ್ರ ಡಿಸೆಂಬರ್‌ನಲ್ಲೇ ಕೈಗೆ ಬಂತು. ಚಳಿಗಾಲ ದಾಟೋಕೆ ಊರಿನವರೇ ಬಡ್ಡಿ ಇಲ್ಲದೆ ಕೊಟ್ಟ ಕೈಸಾಲ ಅದು.

ಎರಡನೇ ದಾರಿ ಮೈದಾನ. ಲಾಸ್ ವೇಗಸ್ ಏವಿಯೇಟರ್ಸ್ ಆಡೋ ಬಾಲ್‌ಪಾರ್ಕ್‌ನಲ್ಲಿ ಕ್ರಿಸ್‌ಮಸ್‌ಗೆ ಲಕ್ಷಾಂತರ ದೀಪಗಳ ಚಕ್ರವ್ಯೂಹ ಕಟ್ಟಿ, ಐಸ್ ಸ್ಕೇಟಿಂಗ್ ದಾರಿ ಮಾಡಿದ್ದಾರೆ. ಮರುಭೂಮಿ ಊರಿನ ಜನ ಟಿಕೆಟ್ ಕೊಂಡು ಅಲ್ಲಿ ಐಸ್ ಮೇಲೆ ಜಾರಿದ್ರು. 2020ರಲ್ಲಂತೂ ಕೋವಿಡ್‌ನಿಂದ ಮೈನರ್ ಲೀಗ್ ಸೀಸನ್ ಪೂರ್ತಿ ರದ್ದಾಯ್ತು. ಆಗ ಫ್ಲಾರಿಡಾದ ಪೆನ್ಸಕೋಲಾ ಬ್ಲೂ ವಾಹೂಸ್ ಏನು ಮಾಡಿದ್ರು ಗೊತ್ತಾ? ಇಡೀ ಸ್ಟೇಡಿಯಂ ಅನ್ನೇ ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗಿಟ್ರು! ರಾತ್ರಿಗೆ 1,500 ಡಾಲರ್, ಹತ್ತು ಜನರವರೆಗೆ. ಆಟಗಾರರ ಕೋಣೆಯಲ್ಲಿ ಮಲಗಬಹುದು, ಮೈದಾನದಲ್ಲಿ ಬ್ಯಾಟ್ ಬೀಸಬಹುದು. ಕೇಳೋಕೆ ತಮಾಷೆ. ಆದ್ರೆ ಖಾಲಿ ಬಿದ್ದಿದ್ದ ಆಸ್ತಿಯಿಂದ ಬಾಡಿಗೆ ಹುಟ್ಟಿಸೋದು ಶುದ್ಧ ವ್ಯಾಪಾರ.

ಮೂರನೇ ದಾರಿ ಹೆಸರು. ಅಲಬಾಮಾದ ಮ್ಯಾಡಿಸನ್‌ಗೆ ಬಂದ ಹೊಸ ಟೀಮ್‌ಗೆ 2018ರಲ್ಲಿ ಜನರ ವೋಟಿನಿಂದ ಬಂದ ಹೆಸರು ರಾಕೆಟ್ ಸಿಟಿ ಟ್ರ್ಯಾಶ್ ಪಾಂಡಾಸ್. ಟ್ರ್ಯಾಶ್ ಪಾಂಡಾ ಅಂದ್ರೆ ರಾತ್ರಿ ಕಸದ ಡಬ್ಬಿ ತಡಕಾಡೋ ರಕೂನ್. ಪಕ್ಕದ ಹಂಟ್ಸ್‌ವಿಲ್‌ನಲ್ಲಿ ನಾಸಾ ಕೇಂದ್ರ ಇರೋದ್ರಿಂದ, ಲೋಗೋದಲ್ಲಿ ಆ ಪ್ರಾಣಿ ಕಸದ ಡಬ್ಬಿಯನ್ನೇ ರಾಕೆಟ್ ಮಾಡ್ಕೊಂಡಿದೆ. ಇವರ ಮೊದಲ ಪಂದ್ಯ ನಡೆದದ್ದು 2021ರ ಮೇ ತಿಂಗಳಲ್ಲಿ. ಅಷ್ಟರೊಳಗೇ, ಒಂದು ಚೆಂಡೂ ಎಸೆಯದೆ, ಟೋಪಿ ಅಂಗಿ ಮಾರಿ ಮಿಲಿಯನ್‌ಗಟ್ಟಲೆ ಡಾಲರ್ ವಹಿವಾಟು ಮಾಡಿದ್ರು. ಆದ್ರೆ ಈ ಟೀಮ್ ಬಂದದ್ದು ಎಲ್ಲಿಂದ? ಅದೇ ರಾಜ್ಯದ ಮೊಬೀಲ್‌ನಿಂದ, ದಂತಕಥೆ ಹ್ಯಾಂಕ್ ಆರನ್ ಹುಟ್ಟೂರಿನಿಂದ. ಅವರ ಹೆಸರಿನ ಸ್ಟೇಡಿಯಂ 2019ರ ನಂತರ ಆ ಟೀಮ್ ಕಳ್ಕೊಂಡ್ತು. ಒಂದೂರಿನ ಹಬ್ಬ, ಇನ್ನೊಂದೂರಿನ ಸೂತಕ.

ಇದು ಒಂದೇ ಊರಿನ ಕಥೆಯಲ್ಲ. 2020ರವರೆಗೆ ಇಂಥ ಟೀಮ್‌ಗಳು 160 ಇದ್ವು. 2021ರಲ್ಲಿ ಮೇಜರ್ ಲೀಗ್ ಅದನ್ನ 120ಕ್ಕೆ ಇಳಿಸ್ತು. 40ಕ್ಕೂ ಹೆಚ್ಚು ಜಾಗಗಳ ನಂಟು ಒಂದೇ ಏಟಿಗೆ ಕಡಿದುಹೋಯ್ತು. ಹಾಗಾಗಿ ಬೇಸಿಗೆ ಮಧ್ಯೆ "ಜುಲೈ ಕ್ರಿಸ್‌ಮಸ್" ಅಂತ ಸೆಕೆಯಲ್ಲಿ ಸಾಂತಾ ವೇಷ ಹಾಕಿ ನಿಲ್ಲೋ ಮನುಷ್ಯನನ್ನ ನೋಡಿ ನಗೋಣ, ಆದ್ರೆ ಹಗುರವಾಗಿ ನೋಡೋದು ಬೇಡ. ಅದರ ಹಿಂದೆ ಉಳಿವಿನ ಪ್ರಶ್ನೆ ಇದೆ.

ಈ ತಲೆಹರಟೆಗೆ ಪರಂಪರೆಯೂ ಇದೆ. 2002ರ ಜುಲೈ 8ರಂದು ಮೈಕ್ ವೀಕ್ ಅವರ ಚಾರ್ಲ್‌ಸ್ಟನ್ ರಿವರ್‌ಡಾಗ್ಸ್ "ನೋಬಡಿ ನೈಟ್" ಮಾಡಿದ್ರು. ಐದನೇ ಇನ್ನಿಂಗ್ಸ್ ಮುಗಿದು ಹಾಜರಾತಿ ಅಧಿಕೃತ ಆಗೋವರೆಗೆ ಜನರನ್ನ ಗೇಟಿನ ಹೊರಗೇ ನಿಲ್ಲಿಸಿದ್ರು. ದಾಖಲೆಯಲ್ಲಿ ಪ್ರೇಕ್ಷಕರು ಸೊನ್ನೆ. ಹೊರಗೆ ಜಾತ್ರೆ!

ಈಗ ನನಗೆ ಕಿರಿಕಿರಿ ಆದ ಭಾಗ. ಟೀಮ್‌ಗಳು ಹೀಗೆ ಚಳಿಗಾಲ ದಾಟೋಕೆ ದಾರಿ ಹುಡುಕ್ತಿದ್ದಾಗ, ಆಟಗಾರರಿಗೆ ಆ ತಿಂಗಳುಗಳಲ್ಲಿ ಸಂಬಳವೇ ಇರಲಿಲ್ಲ. ಬೇರೆ ಕೆಲಸ ಹುಡ್ಕೋಬೇಕಿತ್ತು. ಇಂಥ ಸಂಬಳದ ಬಗ್ಗೆ ಆಟಗಾರರು ಹೂಡಿದ್ದ ಕೇಸಿನಲ್ಲಿ 2022ರಲ್ಲಿ ಮೇಜರ್ ಲೀಗ್ 185 ಮಿಲಿಯನ್ ಡಾಲರ್‌ಗೆ ರಾಜಿ ಮಾಡ್ಕೊಂಡ್ತು. 2023ರಲ್ಲಿ ಮೊದಲ ಬಾರಿಗೆ ಯೂನಿಯನ್ ಒಪ್ಪಂದ ಆಯ್ತು. ಟ್ರಿಪಲ್ ಎ ಹಂತದ ಕನಿಷ್ಠ ವಾರ್ಷಿಕ ಸಂಬಳ 17,500 ಡಾಲರ್‌ನಿಂದ 35,800ಕ್ಕೆ ಏರಿತು, ಚಳಿಗಾಲದ ಹೆಚ್ಚಿನ ವಾರಗಳಿಗೂ ಹಣ ಸಿಗೋ ಹಾಗಾಯ್ತು. ನ್ಯಾಯವಾಗಿ ಹೇಳಬೇಕಂದ್ರೆ ಆ ಸಂಬಳ ಕೊಡಬೇಕಾದವರು ಈ ಸಣ್ಣ ಊರಿನ ಟೀಮ್‌ಗಳಲ್ಲ, ಮೇಲಿನ ಶ್ರೀಮಂತ ಟೀಮ್‌ಗಳು. ಚಳಿಗಾಲದಲ್ಲಿ ಹೊಟ್ಟೆಪಾಡಿನ ಚಿಂತೆ ಕೆಳಗಿನ ಇಬ್ಬರಿಗೂ ಇತ್ತು. ಮೇಲಿದ್ದವರಿಗೆ ಇರಲಿಲ್ಲ.

ನಾನು ಇದರಿಂದ ಕಲಿತದ್ದು ಇಷ್ಟೇ. ಆಟದ ಫಲಿತಾಂಶ ನಿಮ್ಮ ಕೈಯಲ್ಲಿ ಇಲ್ಲದಿದ್ರೆ, ನೀವು ಕಟ್ಟಬೇಕಾದದ್ದು ಊರಿನ ಜೊತೆಗಿನ ಸಂಬಂಧ. ಡಿಸೆಂಬರ್‌ನಲ್ಲಿ ಟಿಕೆಟ್ ಕೊಳ್ಳೋ ಅಪ್ಪನಿಗೆ ಏಪ್ರಿಲ್‌ನಲ್ಲಿ ಯಾರು ಆಡ್ತಾರೆ ಅಂತ ಗೊತ್ತಿರಲ್ಲ. ಗೊತ್ತಿರೋದು, ಆ ಸಂಜೆ ಮಕ್ಕಳ ಜೊತೆ ಅಲ್ಲಿ ಕೂತಿರ್ತೀನಿ ಅಂತ ಮಾತ್ರ. ಅವನು ಮುಂಗಡ ಕೊಡೋದು ಅದಕ್ಕೆ.

ಅಮೆರಿಕದಲ್ಲಿರೋ ನಮ್ಮ ಕೇಳುಗರೇ, ನಿಮ್ಮೂರಲ್ಲಿ ಇಂಥ ಟೀಮ್ ಇದ್ರೆ ಒಮ್ಮೆ ಹೋಗಿ ಬನ್ನಿ, ಅಲ್ಲಿ ಏನು ಮಾರ್ತಿದ್ರು ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.