ಮಗುವಿಗೆ ಗೊತ್ತಿರುವ ಕಾವಲು



ಮಕ್ಕಳ ಮೊಬೈಲ್ ಬಳಕೆಯ ಮೇಲೆ ನಿಗಾ ಇಡಲು ಯಾವ ಆ್ಯಪ್ ಒಳ್ಳೆಯದು? ಪೋಷಕರ ಸಭೆಗಳಲ್ಲಿ ಇಂದು ಪದೇಪದೇ ಕೇಳಿಬರುವ ಪ್ರಶ್ನೆ ಇದು. ಈ ಸಂಕಿರಣ ನಡೆಯುತ್ತಿರುವುದೂ ಇದೇ ಪ್ರಶ್ನೆಗಾಗಿ. ಒಂದು ಹೆಸರು ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಹೆಸರಿಗಿಂತ ಮೊದಲು ನಮ್ಮ ಅಳತೆಗೋಲು ಬದಲಾಗಬೇಕು ಎಂಬುದು ನನ್ನ ಆಶಯ. ಇಂತಹ ಆ್ಯಪ್‌ಗಳ ಜಾಹೀರಾತುಗಳು ಮಗುವಿನ ಬಗ್ಗೆ ಏನೇನು ನೋಡಬಹುದು ಎಂದು ಪಟ್ಟಿ ಕೊಡುತ್ತವೆ. ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಅಪ್ಪ ಅಮ್ಮನಿಗೆ ಕಾಣುವ ಆ ಮಾಹಿತಿ ಇನ್ನು ಯಾರ್‍ಯಾರಿಗೆ ಕಾಣುತ್ತದೆ? ತನ್ನ ಮೇಲೆ ನಿಗಾ ಇದೆ ಎಂದು ಮಗುವಿಗೆ ಗೊತ್ತಿದೆಯೇ?

ಪೋಷಕರ ಆತಂಕವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆಟದ ಆ್ಯಪ್‌ಗಳಲ್ಲಿ ಹಣ ಕಳೆದುಕೊಂಡ ಮಕ್ಕಳಿದ್ದಾರೆ. ಅಪರಿಚಿತರ ಮಾತಿಗೆ ಮರುಳಾಗಿ ಫೋಟೊ ಕಳಿಸಿ, ನಂತರ ಬೆದರಿಕೆಗೆ ಸಿಕ್ಕಿ ನರಳಿದ ಮಕ್ಕಳಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಷ್ಟು ಹಿಂದೆಯೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಬೇಕಾಯಿತು. ಮಗುವನ್ನು ಕಾಯಬೇಕೇ ಎಂಬ ಬಗ್ಗೆ ಇಲ್ಲಿ ಯಾರಿಗೂ ಅನುಮಾನವಿಲ್ಲ. ಹೇಗೆ ಕಾಯಬೇಕು ಎಂಬಲ್ಲಿ ಎಚ್ಚರ ಬೇಕು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಒಳ್ಳೆಯ ಪಾಠ. 2015ರ ಏಪ್ರಿಲ್‌ನಲ್ಲಿ ಅಲ್ಲಿ ಒಂದು ಕಾನೂನು ಜಾರಿಗೆ ಬಂತು. 19 ವರ್ಷದೊಳಗಿನವರ ಹೆಸರಿನಲ್ಲಿ ಪಡೆಯುವ ಮೊಬೈಲ್‌ಗಳಲ್ಲಿ ಹಾನಿಕರ ವಿಷಯ ತಡೆಯುವ ಸಾಧನ ಇರಲೇಬೇಕು ಎಂದಾಯಿತು. ಸರ್ಕಾರದ ಬೆಂಬಲದೊಂದಿಗೆ ‘ಸ್ಮಾರ್ಟ್ ಶೆರಿಫ್’ ಎಂಬ ಆ್ಯಪ್ ಮನೆಮನೆ ಸೇರಿತು. ಅದೇ ವರ್ಷ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದನ್ನು ಬಿಚ್ಚಿ ನೋಡಿದಾಗ ಸಿಕ್ಕಿದ್ದು 26 ಭದ್ರತಾ ದೋಷಗಳು. ಮಕ್ಕಳ ಮಾಹಿತಿಯನ್ನು ಹೊರಗಿನವರು ಕದಿಯುವುದಕ್ಕೂ ಆ್ಯಪ್‌ನ ಹಿಡಿತವನ್ನೇ ಕಸಿದುಕೊಳ್ಳುವುದಕ್ಕೂ ದಾರಿ ತೆರೆದೇ ಇತ್ತು. ನವೆಂಬರ್ ಹೊತ್ತಿಗೆ ಆ್ಯಪ್ ಅನ್ನು ಹಿಂತೆಗೆದುಕೊಳ್ಳಲಾಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಅಮೆರಿಕದ ‘ಟೀನ್‌ಸೇಫ್’ ಕಥೆ ಇನ್ನೂ ನೋವಿನದು. ಮಗುವಿನ ಐಫೋನ್ ಮೇಲೆ ನಿಗಾ ಇಡಲು ಅದು ಮಗುವಿನ ಆ್ಯಪಲ್ ಐಡಿ ಮತ್ತು ಪಾಸ್‌ವರ್ಡ್ ಪಡೆಯುತ್ತಿತ್ತು. ಅಷ್ಟೇ ಅಲ್ಲ, ಎರಡು ಹಂತದ ದೃಢೀಕರಣವನ್ನೂ ಆಫ್ ಮಾಡಿಸುತ್ತಿತ್ತು. 2018ರಲ್ಲಿ ಅದರ ಸರ್ವರ್‌ಗಳು ಯಾವ ರಕ್ಷಣೆಯೂ ಇಲ್ಲದೆ ಅಂತರಜಾಲದಲ್ಲಿ ತೆರೆದುಬಿದ್ದಿದ್ದು ಬೆಳಕಿಗೆ ಬಂತು. ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವಂತಿದ್ದವು. ಮಗುವನ್ನು ಕಾಪಾಡಬೇಕೆಂದು ದುಡ್ಡು ಕೊಟ್ಟ ತಂದೆತಾಯಿಯೇ ಮಗುವಿನ ಫೋನಿನ ಬೀಗ ತೆಗೆದಿಟ್ಟಂತಾಯಿತು.

ಇವು ಬಿಡಿ ಪ್ರಕರಣಗಳಿರಬಹುದು ಎಂದು ನಿಮಗೆ ಅನಿಸಬಹುದು. 2020ರಲ್ಲಿ ಮ್ಯಾಡ್ರಿಡ್‌ನ ಇಮ್ಡಿಯಾ ನೆಟ್‌ವರ್ಕ್ಸ್ ಮತ್ತಿತರ ಸಂಸ್ಥೆಗಳ ಸಂಶೋಧಕರು 46 ಆಂಡ್ರಾಯ್ಡ್ ಪೇರೆಂಟಲ್ ಕಂಟ್ರೋಲ್ ಆ್ಯಪ್‌ಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಶೇ. 72ರಷ್ಟು ಆ್ಯಪ್‌ಗಳು ಜಾಹೀರಾತು ಮತ್ತು ವಿಶ್ಲೇಷಣೆಯ ಕಂಪನಿಗಳೂ ಸೇರಿದಂತೆ ಮೂರನೆಯವರಿಗೆ ಮಾಹಿತಿ ರವಾನಿಸುತ್ತಿದ್ದವು, ತಮ್ಮ ಗೌಪ್ಯತಾ ನೀತಿಯಲ್ಲಿ ಅವರ ಪ್ರಸ್ತಾಪವನ್ನೇ ಮಾಡಿರಲಿಲ್ಲ. ಶೇ. 11ರಷ್ಟು ಆ್ಯಪ್‌ಗಳು ವೈಯಕ್ತಿಕ ಮಾಹಿತಿಯನ್ನು ಗೂಢಲಿಪಿಯ ರಕ್ಷಣೆಯಿಲ್ಲದೆ ಕಳಿಸುತ್ತಿದ್ದವು. ಆದ್ದರಿಂದ ಆ್ಯಪ್ ಆಯ್ಕೆಯ ಮೊದಲ ಕೆಲಸ ಅದು ಕೇಳುವ ಅನುಮತಿಗಳನ್ನು ಓದುವುದು. ಸಮಯದ ಮಿತಿ ಹಾಕುವ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಯಾಕೆ? ಮೈಕ್ ಯಾಕೆ? ಉತ್ತರ ಸಿಗದಿದ್ದರೆ ಆ ಆ್ಯಪ್ ಬೇಡ.

ಇನ್ನು ಗುಟ್ಟಿನ ಆ್ಯಪ್‌ಗಳ ವಿಷಯ. ಇಲ್ಲಿ ನನ್ನ ಮಾತು ಖಡಕ್ಕಾಗಿಯೇ ಇದೆ. ಐಕಾನ್ ಕಾಣದಂತೆ ಫೋನಿನೊಳಗೆ ಅಡಗಿ ಕೂತು ಮೆಸೇಜ್, ಕರೆ, ಫೋಟೊ ಎಲ್ಲವನ್ನೂ ರವಾನಿಸುವ ತಂತ್ರಾಂಶ ಬೇಹುಗಾರಿಕೆಯ ತಂತ್ರಾಂಶವೇ. ಹೆಂಡತಿಯ ಮೇಲೆ ಗಂಡ ಕದ್ದು ಕಣ್ಣಿಡಲು ಬಳಸುವುದೂ ಇದನ್ನೇ, ಪೆಟ್ಟಿಗೆಯ ಮೇಲಿನ ಚೀಟಿ ಮಾತ್ರ ಬೇರೆ. ಗೂಗಲ್ 2020ರಲ್ಲಿ ಪ್ಲೇ ಸ್ಟೋರ್ ನಿಯಮ ಬಿಗಿ ಮಾಡಿತು: ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ತಾನಿರುವುದನ್ನು ಮರೆಮಾಚಬಾರದು, ನೋಟಿಫಿಕೇಶನ್ ಸದಾ ಕಾಣುತ್ತಿರಬೇಕು. ಹಾಗಾಗಿ ಗುಟ್ಟಿನ ಆ್ಯಪ್ ಮಾರುವವರು ಸ್ಟೋರ್‌ನ ಹೊರಗಿನಿಂದ ಫೈಲ್ ಇಳಿಸಿಕೊಳ್ಳಿ, ಹಾನಿಕರ ಆ್ಯಪ್ ಪತ್ತೆಹಚ್ಚುವ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎನ್ನುತ್ತಾರೆ. ಈ ಮಾತು ಕಂಡ ಕೂಡಲೇ ಅಲ್ಲಿಂದ ಎದ್ದುಬಿಡಬೇಕೆಂದು ಪೋಷಕರಿಗೆ ಹೇಳಿಕೊಡೋಣ.

ಮಕ್ಕಳು ಏನನ್ನುತ್ತಾರೆ? 2018ರಲ್ಲಿ ಅಮೆರಿಕದ ಸಂಶೋಧಕರು ಇಂತಹ 37 ಆ್ಯಪ್‌ಗಳ ಬಗ್ಗೆ ಮಕ್ಕಳೇ ಬರೆದ 736 ವಿಮರ್ಶೆಗಳನ್ನು ಓದಿದರು. ಬಹುಪಾಲು ಮಕ್ಕಳು ಕೊಟ್ಟಿದ್ದು ಒಂದೇ ನಕ್ಷತ್ರ. ಕಡಿವಾಣ ವಿಪರೀತವಾಯಿತು, ನಮ್ಮ ಖಾಸಗಿತನಕ್ಕೆ ಬೆಲೆಯಿಲ್ಲ, ಅಪ್ಪ ಅಮ್ಮನೊಂದಿಗಿನ ಸಂಬಂಧ ಕೆಡುತ್ತಿದೆ ಎಂಬುದು ಅವರ ದೂರು. ಅದಕ್ಕೂ ಮುಂಚೆ, 2017ರಲ್ಲಿ, 75 ಆ್ಯಪ್‌ಗಳ ಅಧ್ಯಯನವೊಂದು ಇನ್ನೊಂದು ವಿಷಯ ತೋರಿಸಿತ್ತು. ಅವುಗಳ ಸೌಲಭ್ಯಗಳಲ್ಲಿ ಶೇ. 89ರಷ್ಟು ಇದ್ದದ್ದು ಪೋಷಕರ ಹಿಡಿತಕ್ಕಾಗಿ. ಹದಿಹರೆಯದವರು ತಮ್ಮನ್ನು ತಾವೇ ನಿಯಂತ್ರಿಸಿಕೊಳ್ಳಲು ಕಲಿಸುವಂಥವು ತೀರಾ ಕಡಿಮೆ. ಹದಿನೆಂಟು ತುಂಬಿದ ದಿನ ನಿಗಾ ತೆಗೆದರೆ, ಆವರೆಗೆ ಏನನ್ನೂ ತಾನೇ ನಿರ್ಧರಿಸದ ಹುಡುಗ ಅಂದಿನಿಂದ ಹೇಗೆ ಬದುಕಬೇಕು? ಏಳೆಂಟು ವರ್ಷದ ಮಗುವಿಗೆ ಬಿಗಿಯಾದ ಮಿತಿ ಇರಲಿ, ಹನ್ನೆರಡಕ್ಕೆ ಅದು ಸಡಿಲವಾಗಲಿ, ಹದಿನಾರರ ಹೊತ್ತಿಗೆ ಮಾತುಕತೆಯೇ ಮುಖ್ಯ ಸಾಧನವಾಗಲಿ. ಹದಿಹರೆಯದ ಮಗುವಿನ ಮೆಸೇಜ್ ಓದುವ ಸೌಲಭ್ಯ ಆ್ಯಪ್‌ನಲ್ಲಿ ಇದ್ದರೂ ಅದನ್ನು ಬಳಸಬಾರದು ಎಂಬುದು ನನ್ನ ನಿಲುವು. ನಿಜವಾದ ಅಪಾಯದ ಸುಳಿವು ಸಿಕ್ಕ ಪ್ರಸಂಗ ಮಾತ್ರ ಇದಕ್ಕೆ ಹೊರತು.

ಹಾಗಿದ್ದರೆ ಯಾವುದು ಸಾಕು? ಹೆಚ್ಚಿನ ಮನೆಗಳಿಗೆ ಫೋನಿನೊಂದಿಗೆ ಪುಕ್ಕಟೆಯಾಗಿ ಸಿಗುವುದೇ ಸಾಕು. ಆಂಡ್ರಾಯ್ಡ್‌ನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್. ದಿನದ ಮಿತಿ, ಮಲಗುವ ಹೊತ್ತಿಗೆ ಫೋನ್ ಲಾಕ್, ಹೊಸ ಆ್ಯಪ್‌ಗೆ ಪೋಷಕರ ಒಪ್ಪಿಗೆ, ಇಷ್ಟನ್ನು ಇವು ಮಾಡುತ್ತವೆ. ಮಗುವಿನ ಮೆಸೇಜ್‌ಗಳನ್ನು ಪೋಷಕರ ಮುಂದೆ ತೆರೆದಿಡುವುದಿಲ್ಲ. ಇದನ್ನು ಕೊರತೆ ಎಂದುಕೊಳ್ಳಬೇಡಿ, ನನ್ನ ದೃಷ್ಟಿಯಲ್ಲಿ ಇವುಗಳನ್ನು ಆರಿಸಿಕೊಳ್ಳಲು ಅದೇ ದೊಡ್ಡ ಕಾರಣ. ಆಂಡ್ರಾಯ್ಡ್ ಫೋನಿನ ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಕ್ಲೌಡ್‌ಫ್ಲೇರ್‌ನ ಕುಟುಂಬ ಸೇವೆಯ ವಿಳಾಸ ಹಾಕಿದರೆ ಅಶ್ಲೀಲ ತಾಣಗಳು ಬಹುಮಟ್ಟಿಗೆ ತೆರೆಯುವುದೇ ಇಲ್ಲ. ಅದಕ್ಕೂ ಖರ್ಚಿಲ್ಲ. ಆದರೆ ತಾಣ ತಡೆಯುವ ಯಾವ ಜರಡಿಯೂ ಇನ್‌ಸ್ಟಾಗ್ರಾಂ ಅಥವಾ ಯೂಟ್ಯೂಬ್ ಆ್ಯಪ್‌ನ ಒಳಗೆ ಹರಿಯುವುದನ್ನು ಸೋಸಲಾರದು. ಆಯಾ ಆ್ಯಪ್‌ನ ಸೆಟ್ಟಿಂಗ್‌ಗಳಿಗೇ ಹೋಗಬೇಕು. ಇದು ತಿಳಿಯದೆ ಎಷ್ಟೋ ಪೋಷಕರು ಆ್ಯಪ್ ಹಾಕಿ ನಿಶ್ಚಿಂತರಾಗಿಬಿಡುತ್ತಾರೆ.

ನಮ್ಮ ನೆಲದ ಎರಡು ಸಮಸ್ಯೆಗಳನ್ನು ಈ ಆ್ಯಪ್‌ಗಳು ಗಣನೆಗೆ ತೆಗೆದುಕೊಂಡಂತಿಲ್ಲ. ಒಂದು, ಹಂಚಿಕೊಂಡ ಫೋನ್. ಬಹುತೇಕ ಆ್ಯಪ್‌ಗಳು ಪೋಷಕರಿಗೊಂದು ಫೋನ್, ಮಗುವಿಗೊಂದು ಫೋನ್ ಎಂದು ಭಾವಿಸಿಕೊಂಡೇ ತಯಾರಾಗಿವೆ. ಅಪ್ಪ ಕೆಲಸದಿಂದ ಬಂದ ಮೇಲೆ ಅವನ ಫೋನನ್ನೇ ಹಿಡಿಯುವ ಮಕ್ಕಳ ಮನೆಗಳಲ್ಲಿ ಇವು ಉಪಯೋಗಕ್ಕೆ ಬಾರವು. ಅಲ್ಲಿ ಪ್ಲೇ ಸ್ಟೋರ್‌ಗೆ ಪಿನ್, ಯುಪಿಐ ಆ್ಯಪ್‌ಗೆ ಪ್ರತ್ಯೇಕ ಲಾಕ್, ಪಾಠದ ಆ್ಯಪ್ ಒಂದನ್ನೇ ಪರದೆಗೆ ಪಿನ್ ಮಾಡಿ ಕೊಡುವ ಅಭ್ಯಾಸ, ಇವೇ ಸೂಕ್ತ. ಇನ್ನೊಂದು, ಭಾಷೆ. ಬೈಗುಳ, ಬೆದರಿಕೆ, ಸಾಯುವ ಮಾತು ಕಂಡರೆ ಎಚ್ಚರಿಸುತ್ತೇವೆ ಎನ್ನುವ ಆ್ಯಪ್‌ಗಳಿವೆ. ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ, ಅದೂ ಮಂಡ್ಯದಲ್ಲಿ ಒಂದು ಬಗೆ, ಕಲಬುರಗಿಯಲ್ಲಿ ಒಂದು ಬಗೆ. ಅಂತಹ ಸಾಲುಗಳನ್ನು ಕೊಟ್ಟು ಪರೀಕ್ಷಿಸಿ ನೋಡದೆ ಆ ಭರವಸೆಗೆ ದುಡ್ಡು ಕೊಡಬಾರದು.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಶಿಕ್ಷಣದ ಸ್ಥಿತಿಗತಿ ಕುರಿತ 2023ರ ‘ಅಸರ್’ ವರದಿಯ ಪ್ರಕಾರ, ಗ್ರಾಮೀಣ ಪ್ರದೇಶದಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 18ರ ವಯಸ್ಸಿನ ಹುಡುಗರಲ್ಲಿ ಶೇ. 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ. 19.8ರಷ್ಟು ಮಂದಿಗೆ ಮಾತ್ರ. ಮೊದಲೇ ಕೈಗೆ ಸಿಗದ ಫೋನು, ಸಿಕ್ಕಾಗಲೂ ಅಣ್ಣನ ಕಣ್ಗಾವಲಿನಲ್ಲಿ ಸಿಗುವುದಾದರೆ, ತೊಂದರೆಗೆ ಸಿಕ್ಕ ಹುಡುಗಿ ಯಾರ ಬಳಿ ಬಾಯಿ ಬಿಡುತ್ತಾಳೆ? ಹೇಳಿದರೆ ಫೋನ್ ಹೋಗುತ್ತದೆ, ಆಮೇಲೆ ಕಾಲೇಜೂ ಹೋಗುತ್ತದೆ ಎಂಬ ಭಯ ಅವಳನ್ನು ಬೆದರಿಸುವವನಿಗೆ ಬಲ ಕೊಡುತ್ತದೆ. ಮನೆಯಲ್ಲಿ ಹುಡುಗನಿಗಿಲ್ಲದ ಆ್ಯಪ್ ಹುಡುಗಿಯ ಫೋನಿಗೂ ಬೇಡ.

ಕಾನೂನು ಈಗ ನಮ್ಮ ಬೆಂಬಲಕ್ಕಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 9ನೇ ಕಲಂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು ಎನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆ್ಯಪ್ ಕಂಪನಿಗಳು ಈ ಕಾಯ್ದೆಗೆ ಎಷ್ಟರ ಮಟ್ಟಿಗೆ ಬದ್ಧ ಎಂದು ಕೇಳುವ ಹಕ್ಕು ಪೋಷಕರಿಗಿದೆ. ವಕೀಲ ಮಿತ್ರರು ಮಧ್ಯಾಹ್ನದ ಗೋಷ್ಠಿಯಲ್ಲಿ ಇದನ್ನು ವಿವರವಾಗಿ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಈ ಸಂಕಿರಣದಿಂದ ನಾನು ಬಯಸುವುದು ಎರಡೇ ಕೆಲಸ. ಸಾಫ್ಟ್‌ವೇರ್ ಗೆಳೆಯರು ಮಾರುಕಟ್ಟೆಯಲ್ಲಿರುವ ಆ್ಯಪ್‌ಗಳನ್ನು ಹಂಚಿಕೊಂಡ ಫೋನಿನಲ್ಲಿ, ಕನ್ನಡದ ಮಕ್ಕಳ ಟೈಪಿಂಗ್‌ನೊಂದಿಗೆ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲೇ ಪ್ರಕಟಿಸಲಿ. ಶಿಕ್ಷಕರು ಮತ್ತು ಆಪ್ತಸಮಾಲೋಚಕರು ಇಂದು ಸಂಜೆಯೊಳಗೆ ಕೂತು ಪೋಷಕರಿಗೆ ಕೊಡಬಹುದಾದ ಒಂದು ಪುಟದ ಕೈಪಿಡಿ ಬರೆಯಲಿ. ಯಾವ ಅನುಮತಿ ಕೊಡಬಾರದು, ಮಗುವಿಗೆ ಹೇಗೆ ತಿಳಿಸಿ ಆ್ಯಪ್ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದು ಅದರಲ್ಲಿರಲಿ. ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930 ಆ ಪುಟದ ಮೇಲ್ತುದಿಯಲ್ಲೇ ದಪ್ಪ ಅಕ್ಷರದಲ್ಲಿರಲಿ. ಬರೆದ ಪುಟವನ್ನು ಅಚ್ಚಿಗೆ ಕೊಡುವ ಮೊದಲು ಎಂಟನೇ, ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಕೊಟ್ಟು ಓದಿಸಿ. ಅವರು ತಿದ್ದುವುದನ್ನು ದಯವಿಟ್ಟು ಒಪ್ಪಿಕೊಳ್ಳಿ.